ಬಿಳಿಕೆರೆಯ ಬಂಡಿಜಾಡಿಗೆ ಎಂಥ ಸೈಕಲ್ಲು?

ಮೈಸೂರಿನಿಂದ ಹುಣಸೂರಿಗೆ ಹೊರಟ ಹೆದ್ದಾರಿ ಇಲವಾಲವನ್ನು ದಾಟಿ ಬಿಳಿಕೆರೆಯನ್ನು ಸಮೀಪಿಸುವ ವೇಳೆಗೆ ನಗರದ ಗದ್ದಲ ಹಿಂದೆ ಉಳಿದಿರುತ್ತದೆ. ಈ ಸೀಮೆಯಲ್ಲಿಯೇ ಇನ್ನೊಂದು ದಾರಿ ಬಲಕ್ಕೆ ಕವಲೊಡೆದು, ಕೃಷ್ಣರಾಜನಗರ ಹೊಳೆನರಸೀಪುರಗಳ ಮೂಲಕ ಹಾಸನದತ್ತ ಸಾಗುವುದು. ಬಸ್ಸಿನ ಪ್ರಯಾಣಿಕನಿಗೆ ಬಿಳಿಕೆರೆಯೆಂದರೆ ಕ್ಷಣಕಾಲದ ನಿಲುಗಡೆ, ಅಷ್ಟೆ. ಹೆದ್ದಾರಿಯನ್ನು ತೊರೆದು ಒಳಗೆ ಹೊಕ್ಕವನಿಗಾದರೋ ಬೇರೊಂದು ಲೋಕವೇ ತೆರೆದುಕೊಳ್ಳುವುದು: ಕೆಮ್ಮಣ್ಣಿನ ಬಂಡಿಜಾಡು, ರಾಗಿ ಹುರುಳಿಗಳ ಹೊಲ, ಕೆರೆಯ ಏರಿ, ನಡುನಡುವೆ ಹೊಗೆಸೊಪ್ಪು ಹದಗೊಳಿಸುವ ಬ್ಯಾರನ್‌ಗಳು.

ಈ ಜಾಡುಗಳ ಹಳೆಯ ಒಡೆಯ ಕಬ್ಬಿಣದ ಭಾರವಾದ ಸೈಕಲ್ಲು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಶಾಲೆಗೆ ಹೊರಟ ಮಗು, ಎಲ್ಲವನ್ನೂ ಅದು ಹೊತ್ತಿದೆ. ಅದಕ್ಕಿದ್ದ ಸ್ಪ್ರಿಂಗು ಆಸನದ ಕೆಳಗಿನದೊಂದೇ! ಇಂದು ಇದೇ ಮಣ್ಣಿನ ಮೇಲೆ ಓಡಾಡುವ ಹಂಬಲದಿಂದ ನಗರದ ತರುಣರು ಮುಂದಿನ ಹಿಂದಿನ ಗಾಲಿಗಳೆರಡಕ್ಕೂ ಸಸ್ಪೆನ್ಷನ್ ಉಳ್ಳ ‘ಮೌಂಟನ್ ಬೈಕ್’ನ ಕನಸು ಕಾಣುತ್ತಾರೆ. ಸಿದ್ಧವಾದುದನ್ನು ಕೊಳ್ಳದೆ, ಮೊದಲು ಫ್ರೇಮು, ಆಮೇಲೆ ಉಳಿದ ಅಂಗಾಂಗಗಳು ಎಂದು ತಾವೇ ಜೋಡಿಸಿಕೊಳ್ಳುವ ಉತ್ಸಾಹಿಗಳೂ ಉಂಟು. ಒಳ್ಳೆಯ ಫ್ರೇಮೊಂದರ ಬೆಲೆಯೇ ಸಾಮಾನ್ಯ ಮೋಟಾರ್ ಸೈಕಲ್ಲಿನ ಬೆಲೆಯನ್ನು ಮೀರುವುದುಂಟು. ಹಣ ಕೊಡಬೇಕಾದ ತಂದೆ ಹುಬ್ಬುಗಂಟಿಕ್ಕಿದರೆ ಅದರಲ್ಲಿ ಆಶ್ಚರ್ಯವೇನು?

ಆಯ್ಕೆಗೆ ಕೈಹಾಕುವ ಮುನ್ನ ನೆಲವನ್ನು ನೋಡುವುದು ಮೇಲು. ಈ ಬಗೆಯ ಸವಾರಿ ರೂಪುಗೊಂಡದ್ದು 1970ರ ದಶಕದಲ್ಲಿ, ಕ್ಯಾಲಿಫೋರ್ನಿಯದ ಟಮಲ್ಪಾಯಿಸ್ ಪರ್ವತದ ಕಡಿದಾದ ಇಳಿಜಾರುಗಳಲ್ಲಿ. ಬಿಳಿಕೆರೆಯ ಸುತ್ತ ಅಂಥ ಇಳಿಜಾರಿಲ್ಲ; ಅಲೆಯಂತೆ ಏರಿಳಿಯುವ ಬಯಲು, ಮಳೆನೀರು ಕೊರೆದ ಕೊರಕಲು, ಗಾಲಿಯ ಅಡಿಯಿಂದ ಸಿಡಿಯುವ ಗರಸು, ಇವೇ ಇಲ್ಲಿಯ ಪರೀಕ್ಷೆಗಳು. ಪಿರಿಯಾಪಟ್ಟಣದ ಬೆಟ್ಟದಪುರದಲ್ಲಿ ಬೆಟ್ಟವಿದೆ ನಿಜ, ಆದರೆ ಮಲ್ಲಿಕಾರ್ಜುನನ ಸನ್ನಿಧಿಗೆ ಏರುವ ಆ ಮೆಟ್ಟಿಲುಗಳು ಭಕ್ತರ ಪಾದಗಳಿಗೆ ಮೀಸಲು. 1955ರಲ್ಲಿಯೇ ವನ್ಯಧಾಮವಾದ ನಾಗರಹೊಳೆಯ ಕಾಡೋ, ಆನೆ ಹುಲಿಗಳ ಮನೆ. ಅಲ್ಲಿ ಸೈಕಲ್ಲಿನ ಮಾತೇ ಸಲ್ಲದು.

ಆದುದರಿಂದ ಹಿಂದಿನ ಗಾಲಿ 120ರಿಂದ 130 ಮಿಲಿಮೀಟರಿನಷ್ಟು ಮೇಲಕ್ಕೆ ಸರಿಯುವ ಫ್ರೇಮು ಇಲ್ಲಿಗೆ ಧಾರಾಳವಾಯಿತು. ಚಿತ್ರಗಳಲ್ಲಿ ಮೆರೆಯುವ 160, 170 ಮಿಲಿಮೀಟರಿನವು ಬಂಡೆಗಳ ಮೇಲಿಂದ ಧುಮುಕುವವರಿಗೆ. ಬಯಲಿನಲ್ಲಿ ಅವುಗಳ ಭಾರವನ್ನು ತುಳಿಯಬೇಕಾದವನು ಸವಾರನೇ. ಕೊಡಗು ಚಿಕ್ಕಮಗಳೂರುಗಳ ಇಳಿಜಾರುಗಳಿಗೂ ಆಗಾಗ್ಗೆ ಹೋಗುವ ಸಂಕಲ್ಪವಿದ್ದರೆ 140ಕ್ಕೆ ಏರಬಹುದು.

ಹಿಂಬದಿಯ ಷಾಕ್ ಕೇವಲ 50 ಮಿಲಿಮೀಟರು ಕುಗ್ಗಿದರೂ ಕೀಲುಗಳ ಸನ್ನೆಯ ಬಲದಿಂದ ಗಾಲಿ 130 ಮಿಲಿಮೀಟರು ಚಲಿಸಬಲ್ಲುದು. ಈ ಲೆಕ್ಕ ಪ್ರತಿ ಫ್ರೇಮಿಗೂ ಬೇರೆ. ಷಾಕಿನ ಉದ್ದವೂ ಅದು ಕುಗ್ಗುವ ಅಳತೆಯೂ ಫ್ರೇಮು ತಯಾರಿಸಿದವರು ಹೇಳಿದಂತೆಯೇ ಇರಬೇಕು; ಅಗ್ಗಕ್ಕೆ ಸಿಕ್ಕಿತೆಂದು ಬೇರೊಂದನ್ನು ತೂರಿಸಿದರೆ ಗಾಲಿ ಫ್ರೇಮಿಗೆ ಬಡಿದೀತು. ಸವಾರ ಸುಮ್ಮನೆ ಕುಳಿತಾಗ ಷಾಕ್ ತನ್ನ ಚಲನೆಯ ಕಾಲುಭಾಗಕ್ಕೆ ತುಸು ಹೆಚ್ಚಾಗಿ ತಗ್ಗುವಂತೆ ಗಾಳಿ ತುಂಬುವುದು ವಾಡಿಕೆ.

ನಿಜವಾದ ಶತ್ರು ಧೂಳು ಮತ್ತು ಕೆಸರು. ಬೇಸಗೆಯಲ್ಲಿ ಹಿಟ್ಟಿನಂಥ ಕೆಂಧೂಳು, ಮುಂಗಾರಿನಲ್ಲಿ ಅಂಟುವ ಕೆಸರು, ಎರಡೂ ಕೀಲುಗಳ ಬೇರಿಂಗಿನೊಳಗೆ ನುಸುಳುತ್ತವೆ. ಕೀಲುಗಳು ಹೆಚ್ಚಿದಷ್ಟೂ ಬಿಚ್ಚಿ ತೊಳೆಯುವ ಕೆಲಸವೂ ಹೆಚ್ಚು. ಎಲ್ಲೆಡೆ ದೊರೆಯುವ ಅಳತೆಯ ಬೇರಿಂಗುಗಳೂ, ಪೆಡಲಿನ ಅಚ್ಚು ಕೂರುವೆಡೆಯಲ್ಲಿ ಮರೆಯಿರುವ ರಚನೆಯೂ ಇದ್ದರೆ ದುರಸ್ತಿ ಸುಲಭ. ಹಿಂದಿನ ಹಬ್ಬಿನ ಅಗಲ ಇಂದು ಬಳಕೆಯಲ್ಲಿರುವ 148 ಮಿಲಿಮೀಟರಾಗಿದ್ದರೆ ಮುಂದೆ ಗಾಲಿಗಾಗಿ ಪರದಾಡಬೇಕಿಲ್ಲ.

ಹಳೆಯ ಕಬ್ಬಿಣದ ಸೈಕಲ್ಲು ಮುರಿದರೆ ರಸ್ತೆಬದಿಯ ವೆಲ್ಡಿಂಗ್ ಅಂಗಡಿಯವನು ಅರ್ಧ ಗಂಟೆಯಲ್ಲಿ ಬೆಸೆದುಕೊಟ್ಟಾನು. ಶಾಖದಿಂದ ಹದಗೊಳಿಸಿದ ಅಲ್ಯೂಮಿನಿಯಂ ಹಾಗಲ್ಲ. ಬೆಸೆದ ಕಡೆ ಅದು ತನ್ನ ಬಲವನ್ನು ಕಳೆದುಕೊಳ್ಳುವುದು. ಕಾರ್ಬನ್ನಿನದು ಹಗುರವಾದರೂ ಅದರ ದುರಸ್ತಿಗೆ ಬಲ್ಲವರೇ ಬೇಕು. ಆದಕಾರಣ ಬಣ್ಣಕ್ಕಿಂತ ಮೊದಲು ವಾರಂಟಿಯ ಷರತ್ತುಗಳನ್ನೂ, ಬಿಡಿಭಾಗಗಳು ಮೈಸೂರಿಗೋ ಬೆಂಗಳೂರಿಗೋ ಎಷ್ಟು ದಿನಗಳಲ್ಲಿ ಬಂದಾವೆಂಬುದನ್ನೂ ವಿಚಾರಿಸತಕ್ಕದ್ದು.

ಅಷ್ಟಕ್ಕೂ ಅವಸರವಿಲ್ಲ. ಹಿಂದೆ ಸಸ್ಪೆನ್ಷನ್ ಇಲ್ಲದ ಸಾಧಾರಣ ಮೌಂಟನ್ ಬೈಕೊಂದನ್ನು ಗೆಳೆಯರಿಂದ ಎರವಲು ಪಡೆದು, ಹೊಗೆಸೊಪ್ಪಿನ ನಾಟಿಯಾಗುವ ಮುಂಗಾರಿನ ಆರಂಭದಲ್ಲೊಮ್ಮೆ, ಹೊಲ ಬರಿದಾಗುವ ಬೇಸಗೆಯಲ್ಲೊಮ್ಮೆ ಇದೇ ಜಾಡುಗಳಲ್ಲಿ ಸುತ್ತಿಬರಬಹುದು. ಬೆನ್ನು ಎಲ್ಲಿ ನೊಂದಿತು, ಗಾಲಿ ಎಲ್ಲಿ ಜಾರಿತು ಎಂಬುದನ್ನು ಗುರುತು ಹಾಕಿಕೊಂಡು ಅನಂತರ ಅಂಗಡಿಯ ಮೆಟ್ಟಿಲು ಹತ್ತಿದರಾಯಿತು.