ಮಣ್ಣಿನೊಳಗೂ ಮೂರು ದರ

ಸತ್ತ ಮೇಲೆ ಎಲ್ಲರೂ ಒಂದೇ ಅನ್ನೋರು ಹೊಟ್ಟೆ ತುಂಬಿದವರು. ಹೆಣ ಹೂಳೋಕೆ ಮೂರಡಿ ಆರಡಿ ಜಾಗ ಕೇಳಿ ತಾಲ್ಲೂಕು ಕಚೇರಿ ಮೆಟ್ಟಿಲು ಸವೆಸಿದ ಕೇರಿಯವರು ಯಾರೂ ಈ ಮಾತು ಆಡಲಾರರು. ಐರ್ಲೆಂಡಿನ ಒಬ್ಬ ಹಳ್ಳಿ ಮೇಷ್ಟ್ರು ಈ ಸುಳ್ಳನ್ನು 1949ರಲ್ಲೇ ಬಯಲಿಗೆಳೆದ. ಹೆಸರು ಮಾರ್ಟೀನ್ ಓ ಕೈನ್. ಕಾದಂಬರಿಯ ಹೆಸರು 'ಕ್ರೇ ನ ಕಿಲ್ಲ', ಅಂದರೆ ಸ್ಮಶಾನದ ಮಣ್ಣು.

ಈ ಕಾದಂಬರಿಯಲ್ಲಿ ಇರೋರೆಲ್ಲಾ ಸತ್ತವರು. ಎಲ್ಲರೂ ಅವರವರ ಪೆಟ್ಟಿಗೆಯಲ್ಲಿ ಮಲಗಿ ಮಾತಾಡ್ತಾರೆ, ಅಷ್ಟೇ. ಕತೆ ಹೇಳೋನೂ ಇಲ್ಲ, ಬೆಟ್ಟ ಬಯಲಿನ ವರ್ಣನೆಯೂ ಇಲ್ಲ. ಆ ಸ್ಮಶಾನದಲ್ಲಿ ಮೂರು ದರದ ಜಾಗಗಳಿವೆ. ಒಂದು ಪೌಂಡಿನದು, ಹದಿನೈದು ಶಿಲ್ಲಿಂಗಿನದು, ಅರ್ಧ ಗಿನಿಯದು. ಆಗತಾನೇ ಮಣ್ಣು ಸೇರಿದ ಕತ್ರೀನ ಫಾಡೀನ್ ಎಂಬ ಮುದುಕಿಗೆ ಸ್ವರ್ಗ ನರಕದ ಚಿಂತೆಯಿಲ್ಲ. ಮಗ ತನ್ನನ್ನ ಯಾವ ದರದ ಜಾಗದಲ್ಲಿ ಹೂತ ಅನ್ನೋದೇ ಚಿಂತೆ. ಮೇಲೆ ಇನ್ನೂ ಬದುಕಿರೋ ತಂಗಿ ನೆಲ್ ಮೇಲಿನ ಹೊಟ್ಟೆಕಿಚ್ಚು ಬೇರೆ. ಕೊನೆಗೆ ಆ ಹೆಣಗಳು ಚುನಾವಣೆಯನ್ನೂ ನಡೆಸ್ತವೆ. ಪಕ್ಷಗಳು ಯಾವುವು ಅಂತೀರಿ? ಪೌಂಡಿನ ಪಕ್ಷ, ಹದಿನೈದು ಶಿಲ್ಲಿಂಗಿನ ಪಕ್ಷ, ಅರ್ಧ ಗಿನಿ ಪಕ್ಷ!

ಓ ಕೈನ್ ಹುಟ್ಟಿದ್ದು 1906ರಲ್ಲಿ, ಐರ್ಲೆಂಡಿನ ಪಶ್ಚಿಮದ ಕಾನ್ನೆಮಾರದಲ್ಲಿ, ಸ್ಪಿಡ್ಡಲ್ ಊರಿನ ಹತ್ತಿರ. ಕಲ್ಲು ನೆಲ, ಕಡಲು, ಬಡತನ. ಮನೆತುಂಬ ಕತೆ ಹೇಳುವವರು. ಅವರ ಬಾಯಲ್ಲಿದ್ದದ್ದು ಐರಿಷ್ ಭಾಷೆ. ಆ ಭಾಷೆ ಅನುಭವಿಸಿದ್ದು ಸಣ್ಣ ಸಂಕಟವಲ್ಲ. 1845ರಿಂದ ಆಲೂಗೆಡ್ಡೆ ಬೆಳೆ ಕೊಳೆತು ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಅದೇ ಹೊತ್ತಿಗೆ ಧಾನ್ಯ, ದನ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. ಐರಿಷ್ ಆಡುವ ಬಡವರೇ ಹೆಚ್ಚಾಗಿ ಸತ್ತದ್ದು. ಆ ಶತಮಾನದಲ್ಲಿ ಶಾಲೆಗೆ ಬಂದ ಮಗುವಿನ ಕೊರಳಿಗೆ ಒಂದು ಕೋಲು ಕಟ್ಟುತ್ತಿದ್ದರು. ಐರಿಷ್ ಆಡಿದರೆ ಕೋಲಿಗೊಂದು ಗೀರು, ಆಮೇಲೆ ಗೀರಿನ ಲೆಕ್ಕಕ್ಕೆ ಏಟು. ಹೆತ್ತವರೇ ತಮ್ಮ ಮಾತನ್ನು ಮಕ್ಕಳಿಂದ ಮುಚ್ಚಿಡತೊಡಗಿದರು.

ಅಂಥ ನೆಲದ ಹುಡುಗ ಡಬ್ಲಿನ್ನಿನಲ್ಲಿ ಶಿಕ್ಷಕರ ತರಬೇತಿ ಪಡೆದು ಹಳ್ಳಿ ಶಾಲೆಯ ಮೇಷ್ಟ್ರಾದ. ಪಾಠ ಮಾಡಿ ಸುಮ್ಮನೆ ಮನೆಗೆ ಹೋಗುವ ಜಾಯಮಾನ ಈತನದಲ್ಲ. ಐರಿಷ್ ಆಡುವ ಜನಕ್ಕೆ ಭಾಷೆಯ ಹೊಗಳಿಕೆ ಬೇಡ, ಭೂಮಿ ಬೇಕು ಅಂತ ಚಳವಳಿ ಕಟ್ಟಿದವರಲ್ಲಿ ಒಬ್ಬನಾದ. ಅದರ ಫಲವಾಗಿ 1935ರಲ್ಲಿ ಕಾನ್ನೆಮಾರದ 27 ಕುಟುಂಬಗಳಿಗೆ ದೂರದ ಮೀತ್ ಸೀಮೆಯ ಫಲವತ್ತಾದ ನೆಲ ಸಿಕ್ಕಿತು. ರಾಥ್ ಕಾರ್ನ್ ಎಂಬ ಆ ಊರಿನಲ್ಲಿ ಇವತ್ತಿಗೂ ಐರಿಷ್ ಉಸಿರಾಡ್ತಾ ಇದೆ. ಕಾಲಿಟ್ಟು ನಿಲ್ಲೋಕೆ ನೆಲವಿದ್ದರೆ ತಾನೇ ನಾಲಿಗೆಗೆ ಭಾಷೆ!

1936ರಲ್ಲಿ, ಐರಿಷ್ ರಿಪಬ್ಲಿಕನ್ ಸೇನೆಯ ಸದಸ್ಯನೆಂದು, ಶಾಲೆಯ ಆಡಳಿತ ಹಿಡಿದಿದ್ದ ಚರ್ಚು ಕೆಲಸದಿಂದ ಕಿತ್ತುಹಾಕಿತು. 1940ರಿಂದ 1944ರವರೆಗೆ ವಿಚಾರಣೆಯಿಲ್ಲದೆ ಕರ್ರಾ ಶಿಬಿರದಲ್ಲಿ ಕೂಡಿಹಾಕಿದರು. ಅಲ್ಲೂ ಮೇಷ್ಟ್ರು ಮೇಷ್ಟ್ರೇ, ಜೊತೆ ಕೈದಿಗಳಿಗೆ ಐರಿಷ್ ಕಲಿಸಿದ. 1956ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜು ಇವನನ್ನು ಅಧ್ಯಾಪಕನಾಗಿ ಕರೆಯಿತು. 1592ರಲ್ಲಿ ಇಂಗ್ಲಿಷರ ರಾಣಿ ಕಟ್ಟಿಸಿದ ಕಾಲೇಜದು. 1969ರಲ್ಲಿ ಅಲ್ಲೇ ಪ್ರೊಫೆಸರಾಗಿ, 1970ರ ಅಕ್ಟೋಬರಿನಲ್ಲಿ ತೀರಿಕೊಂಡ.

ಈತನಿಗೆ ಬರವಣಿಗೆಯ ದಾರಿ ತೋರಿದವರಲ್ಲಿ ಗೋರ್ಕಿಯೂ ಒಬ್ಬ, ಅದೂ ಫ್ರೆಂಚ್ ಅನುವಾದದಲ್ಲಿ. ತನ್ನೂರಿನ ಜನರನ್ನೇ ಹೀಗೆ ಬರೆಯಬಹುದಲ್ಲ ಅಂತ ಹೊಳೆದದ್ದು ಆಗ. 1948ರ ಸಂಕಲನದ ಒಂದು ಕತೆಯಲ್ಲಿ ಬ್ರೀಡ್ ಎಂಬ ಹೆಂಗಸು ಬೆಣ್ಣೆ ಮೊಟ್ಟೆ ಹೊತ್ತು ಕತ್ತಲಲ್ಲೇ ಎದ್ದು ಒಂಬತ್ತು ಮೈಲಿ ದೂರದ ಗಾಲ್ವೇ ಪೇಟೆಗೆ ನಡೀತಾಳೆ. ಕತೆ ಅಂದರೆ ಆ ನಡಿಗೆಯೇ. ಓದುತ್ತಾ ಹೋದ ಹಾಗೆ ನನ್ನ ಬೆನ್ನಿಗೇ ಹೊರೆ ಕಟ್ಟಿದಂತಾಯಿತು. ಸಂತೆಗೆ ಸೌದೆ ಹೊತ್ತ ಅವ್ವನ ಮಕ್ಕಳಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ.

ಗೆಳೆಯರೇ, ನಾನು ಎತ್ತಬೇಕೆಂದಿರುವ ಪ್ರಶ್ನೆ ಬೇರೆ. ನಮ್ಮವರ ಸಣ್ಣತನವನ್ನು ಬರೆಯಬಹುದೇ? ಕೇರಿಯ ಜಗಳ, ಹೊಟ್ಟೆಕಿಚ್ಚು, ಚಾಡಿ, ಬೈಗುಳ ಬರೆದರೆ ಮೇಲಿನವರು ಓದಿ ನಗೋದಿಲ್ಲವೇ, ನಮ್ಮ ಮರ್ಯಾದೆ ನಾವೇ ಕಳೆದ ಹಾಗಲ್ಲವೇ ಅಂತ ಸಭೆಗಳಲ್ಲಿ ಕೇಳೋರಿದ್ದಾರೆ. ಅವರ ಭಯ ಸುಳ್ಳಲ್ಲ. ನಗೋರು ಇದ್ದೇ ಇರ್ತಾರೆ. ಆದರೆ ಓ ಕೈನ್ ತನ್ನ ಜನಕ್ಕಾಗಿ ಕೆಲಸ ಕಳೆದುಕೊಂಡವನು, ಸೆರೆ ಕಂಡವನು. ಅವನೇ ಕತ್ರೀನಳ ವಿಷವನ್ನು ಒಂದು ಹನಿಯೂ ಚೆಲ್ಲದೆ ಬರೆದ. ನೊಂದವರೆಲ್ಲಾ ದೇವರು ಅಂತ ಚಿತ್ರ ಬರೆದರೆ ಅದು ಕ್ಯಾಲೆಂಡರ್ ಆಗ್ತದೆ. ಪೌಂಡಿನವರ ಅಹಂಕಾರವನ್ನೇ ಅರ್ಧ ಗಿನಿಯವರೂ ಕಲಿತು ಒಬ್ಬರನ್ನೊಬ್ಬರು ತಿನ್ನೋದನ್ನ ತೋರಿಸದಿದ್ದರೆ ಶೋಷಣೆಯ ಬೇರು ಕಾಣೋದಾದರೂ ಹೇಗೆ?

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಅವನ ಸ್ಮಶಾನದಲ್ಲಿ ದರ ಮೂರಾದರೂ ಸುತ್ತಲಿನ ಗೋಡೆ ಒಂದೇ. ದುಡ್ಡು ಕೂಡಿದರೆ ಅರ್ಧ ಗಿನಿಯವನು ಪೌಂಡಿನ ಜಾಗಕ್ಕೆ ಹೋಗಬಹುದು. ಜಾತಿಗೆ ಅಂಥ ದರಪಟ್ಟಿ ಇಲ್ಲ. ಎಷ್ಟು ಎಣಿಸಿ ಕೊಟ್ಟರೂ ಗೋಡೆಯ ಆಚೆಗೇ ಹೂಳ್ತಾರೆ. ಹಾಗಾಗಿ ಅವನ ಕಾದಂಬರಿಯನ್ನ ನಮ್ಮದೇ ಅಂತ ಕುಣಿಯೋಕಾಗಲ್ಲ. ನಮ್ಮದನ್ನ ನಾವೇ ಬರೀಬೇಕು.

ಆ ಪುಸ್ತಕ ಇಂಗ್ಲಿಷಿನಲ್ಲಿ ಅಚ್ಚಾಗಿ ಬಂದದ್ದು 2015ರಲ್ಲಿ, ಮರುವರ್ಷವೇ ಇನ್ನೊಂದು ಅನುವಾದ. ಅಷ್ಟು ವರ್ಷ ಅದು ತನ್ನ ಜನರ ನಾಲಿಗೆಯನ್ನೇ ನಂಬಿ ಬದುಕಿತ್ತು. ಹಳ್ಳಿ ಶಾಲೆಯ ಮೇಷ್ಟ್ರುಗಳಲ್ಲಿ ನನ್ನದೊಂದು ಕೇಳಿಕೆ: ಕೇರಿಯ ಮಗು ಮನೆಮಾತಿನಲ್ಲಿ ಉತ್ತರ ಹೇಳಿದಾಗ ಕೆಂಪು ಶಾಯಿಯ ಗೀರು ಎಳೆಯೋ ಮುಂಚೆ ಆ ಮಾತನ್ನ ಒಂದು ಸಲ ಪೂರಾ ಕೇಳಿಸ್ಕೊಳ್ಳಿ.