ಹಳಿಗಳ ನಡುವಿನ ಹುಲ್ಲು

ಮದ್ದೂರಿನ ರೈಲುದಾರಿಯ ಮಗ್ಗುಲಿನ ಹಳ್ಳಿಯೊಂದರಿಂದ ಬಂದು, ಶ್ರೀಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ಹಳೆಯ ವಿದ್ಯಾರ್ಥಿಯೊಬ್ಬರ ತಂದೆಯವರು ಬೆಂಗಳೂರು-ಮೈಸೂರು ಮಾರ್ಗದಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಅದು ಮೀಟರ್‌ಗೇಜ್ ಹಳಿಗಳ ಕಾಲ. ಹುಲ್ಲು ಬೆಳೆದರೆ ಜಲ್ಲಿಯಲ್ಲಿ ನೀರು ನಿಲ್ಲುತ್ತದೆ. ನೀರು ನಿಂತರೆ ಹಳಿ ಕುಸಿಯುತ್ತದೆ. ಆದುದರಿಂದ ಶಿಂಷಾ ಸೇತುವೆಯ ಆಚೀಚೆ ಬಿಸಿಲಲ್ಲಿ ಕುಳಿತು ಹುಲ್ಲು ಕೀಳುವುದು ಆ ಹಿರಿಯರ ನಿತ್ಯದ ಕಾಯಕಗಳಲ್ಲೊಂದಾಗಿತ್ತು. ಸಹಪಾಠಿಗಳು ಕೇಳಿದಾಗ ಮಗನು, "ಅಪ್ಪ ರೈಲ್ವೆಯಲ್ಲಿದ್ದಾರೆ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದನು.

ಆ ಹುಡುಗನೇ ಮುಂದೆ ಇಂಜಿನಿಯರಾದರು. 2018ರಲ್ಲಿ ಕಚೇರಿಯ ಕೆಲಸದ ಮೇಲೆ ಅವರು ನ್ಯೂಯಾರ್ಕಿಗೆ ಹೊರಟು ನಿಂತಾಗ ಶಾಲೆಯಿಂದ ಪತ್ರವೊಂದು ಬಂದಿತು. ಹಳೆಯ ಪ್ರಸಾದ ನಿಲಯದ ಮದ್ರಾಸ್ ತಾರಸಿ ಸೋರುತ್ತಿದೆ, ಉಳಿಸುವುದೋ ಕೆಡವುವುದೋ ತಿಳಿಸಬೇಕು ಎಂಬುದು ಅದರ ಸಾರಾಂಶ. ಅವರು ಛಾಯಾಚಿತ್ರಗಳನ್ನಷ್ಟೇ ನೋಡಿ, ಕೆಡವುವುದೇ ಲೇಸೆಂದು ಬರೆದು ಕಳುಹಿಸಿ ವಿಮಾನವೇರಿದರು.

ನ್ಯೂಯಾರ್ಕಿನಲ್ಲಿ ಬಿಡುವು ದೊರೆತ ಒಂದು ಸಂಜೆ ಅವರು 'ಹೈ ಲೈನ್' ಎಂಬ ಉದ್ಯಾನವನ್ನು ನೋಡಲು ಹೋದರು. ಅದು ನೆಲದ ಮೇಲಿನ ತೋಟವಲ್ಲ. ಬೀದಿಯಿಂದ ಸುಮಾರು 30 ಅಡಿ ಎತ್ತರದಲ್ಲಿ, ಉಕ್ಕಿನ ಕಂಬಗಳ ಮೇಲೆ, ಎರಡು ಕಿಲೋಮೀಟರಿಗೂ ಮಿಕ್ಕಿ ಹರಿದಿರುವ ಹಳೆಯ ರೈಲುಮಾರ್ಗ. ಹಿಂದೆ ಅಲ್ಲಿನ ಸರಕುಬಂಡಿಗಳು ಜನನಿಬಿಡ ಬೀದಿಯಲ್ಲಿಯೇ ಓಡಾಡಿ ಅನೇಕರ ಪ್ರಾಣ ತೆಗೆದಿದ್ದವು. ಕುದುರೆಯೇರಿದ ಕಾವಲುಗಾರರು ಮುಂದೆ ಸಾಗಿ ಜನರನ್ನು ಎಚ್ಚರಿಸಿದರೂ ಸಾವು ತಪ್ಪಲಿಲ್ಲ. ಅದಕ್ಕಾಗಿ ಮೇಲ್ಗಡೆ ಕಟ್ಟಿದ ಮಾರ್ಗವು 1934ರಲ್ಲಿ ತೆರೆಯಿತು. ಲಾರಿಗಳು ಹೆಚ್ಚಿದಂತೆ ರೈಲಿಗೆ ಕೆಲಸ ಕಡಿಮೆಯಾಗಿ 1980ರಲ್ಲಿ ಓಡಾಟ ನಿಂತಿತು. ಕೆಡವಬೇಕೆಂಬ ಕೂಗೆದ್ದಾಗ, 1999ರಲ್ಲಿ ಅಲ್ಲಿನ ಇಬ್ಬರು ನಿವಾಸಿಗಳು ಸಂಘ ಕಟ್ಟಿ ಉಳಿಸಲು ಹೋರಾಡಿದರು. 2009ರಲ್ಲಿ ಮೊದಲ ಭಾಗವು ಉದ್ಯಾನವಾಗಿ ತೆರೆಯಿತು. ಸುತ್ತಣ ನಿವೇಶನಗಳ ಬೆಲೆ, ಮನೆಬಾಡಿಗೆಗಳು ಏರಿ ಬಡವರಿಗೆ ಹೊರೆಯಾದುದೂ ನಿಜ. ಒಳಿತಿಗೂ ನೆರಳಿರುತ್ತದೆ.

ಆದರೆ ಅವರನ್ನು ತಡೆದು ನಿಲ್ಲಿಸಿದ್ದು ಬೇರೊಂದು ನೋಟ. ಅಲ್ಲಿ ಹಳಿಗಳನ್ನು ಹಾಗೆಯೇ ಉಳಿಸಿ, ಅವುಗಳ ನಡುವೆ ಹುಲ್ಲನ್ನು ಬೆಳೆಸಿದ್ದರು! ರೈಲು ನಿಂತ ಮೇಲೆ ಗಾಳಿ, ಹಕ್ಕಿಗಳು ತಂದ ಬೀಜಗಳಿಂದ ಆ ದಾರಿಯಲ್ಲಿ ತಾನಾಗಿ ಹಸುರು ಹಬ್ಬಿತ್ತಂತೆ; ಅದೇ ಉದ್ಯಾನದ ಕಲ್ಪನೆಗೆ ಮೂಲವಾಯಿತಂತೆ. ಮಾಲಿಯೊಬ್ಬನು ಮೊಣಕಾಲೂರಿ ಹಳಿಯ ಪಕ್ಕದ ಕಳೆ ತೆಗೆಯುತ್ತಿದ್ದನು. ಬಗ್ಗಿದ ಆ ಬೆನ್ನು, ಮಣ್ಣಾದ ಆ ಕೈ ಅವರಿಗೆ ಅಪರಿಚಿತವಾಗಿರಲಿಲ್ಲ. ದಾರಿಹೋಕರು ನಿಂತು ಆತನಿಗೆ ವಂದನೆ ಹೇಳಿ ಮುಂದೆ ಸಾಗುತ್ತಿದ್ದರು. ತಂದೆಗೆ ತಾವು ಬದುಕಿನಲ್ಲಿ ಒಮ್ಮೆಯೂ ಹೇಳದೆ ಉಳಿಸಿಕೊಂಡ ಮಾತು ಅದೆಂದು ನೆನೆದು ಅವರ ಕಣ್ಣು ತುಂಬಿತು. ಹೇಳಿಸಿಕೊಳ್ಳಬೇಕಾದವರು ಕಾಲವಾಗಿ ಹತ್ತು ವರ್ಷಗಳಾಗಿದ್ದವು.

ಊರಿಗೆ ಮರಳಿದವರು ನೇರವಾಗಿ ಶ್ರೀಮಠಕ್ಕೆ ಹೋಗಿ, "ಬುದ್ದಿ, ನೋಡದೆ ಬರೆದುಬಿಟ್ಟೆ, ತಪ್ಪಾಯಿತು" ಎಂದರು. ಪೂಜ್ಯರು ನಕ್ಕು, "ಹಾಗಾದರೆ ಈಗ ನೋಡಿ ಹೇಳಪ್ಪ" ಎಂದರು. ಎರಡು ದಿನ ಕಟ್ಟಡವನ್ನೆಲ್ಲ ತಟ್ಟಿ, ಕೆದಕಿ ಪರೀಕ್ಷಿಸಿದರು. ಹಿಂಬದಿಯ ಕೋಣೆಯ ತಳಪಾಯ ಕುಸಿದಿತ್ತು, ಅದನ್ನು ಕೆಡವಲೇಬೇಕಾಯಿತು. ಊಟದ ಹಜಾರದ ಗೋಡೆಗಳು ಮಾತ್ರ ಗಟ್ಟಿಯಾಗಿದ್ದವು. ಗೆದ್ದಲು ಹಿಡಿದಿದ್ದುದು ತೊಲೆಗಳಿಗಷ್ಟೇ. ತೊಲೆಗಳನ್ನು ಬದಲಿಸಿ, ಗಾರೆಯ ತಾರಸಿ ಹಾಕಿಸಿದ ಆ ಹಜಾರ ಇಂದು ಮಕ್ಕಳ ವಾಚನಾಲಯವಾಗಿದೆ.

ದುರಸ್ತಿಗೆ ಅವರು ಕೊಟ್ಟ ಹಣಕ್ಕಾಗಿ ಗೋಡೆಯಲ್ಲಿ ಹೆಸರು ಕೆತ್ತಿಸುವ ಮಾತು ಬಂದಾಗ ಅವರು ತಮ್ಮ ಹೆಸರನ್ನು ಒಪ್ಪಲಿಲ್ಲ. ತಂದೆಯವರ ಹೆಸರನ್ನು ಬರೆಯಿಸಿ, ಅದರ ಕೆಳಗೆ "ಗ್ಯಾಂಗ್‌ಮನ್" ಎಂದು ಸ್ಪಷ್ಟವಾಗಿ ಕೆತ್ತಿಸಿದರು.