ನೂಡಲ್ಸ್ ಹುಟ್ಟಿದ ಹಿತ್ತಲು

ಜಪಾನಿನ ಓಸಾಕಾ ನಗರದ ಉಮೆದಾ ನಿಲ್ದಾಣದಲ್ಲಿ ರೈಲು ಹತ್ತಿದರೆ ಸುಮಾರು ಇಪ್ಪತ್ತು ನಿಮಿಷಕ್ಕೆ ಇಕೆಡಾ ಬರುತ್ತದೆ. ಒಂದು ಮಗ್ಗುಲಿಗೆ ಹಸಿರು ಬೆಟ್ಟ, ಇನ್ನೊಂದು ಮಗ್ಗುಲಿಗೆ ನದಿ, ನಡುವೆ ಒತ್ತೊತ್ತಾದ ಮನೆಗಳು. 1910ರಲ್ಲಿ ರೈಲ್ವೆ ಕಂಪೆನಿಯೇ ಇಲ್ಲಿ ಬಡಾವಣೆ ನಿರ್ಮಿಸಿ ಮಧ್ಯಮ ವರ್ಗದವರಿಗೆ ಕಂತಿನ ಮೇಲೆ ಮನೆಗಳನ್ನು ಮಾರಿತ್ತು. ನಗರದಲ್ಲಿ ದುಡಿದು ಸಂಜೆ ಮನೆ ಸೇರುವವರ ಊರು ಇದು. ಪ್ರವಾಸಿಗರು ಮುಗಿಬೀಳುವಂಥ ಅರಮನೆಯಾಗಲಿ, ಹೆಸರಾಂತ ದೇವಾಲಯವಾಗಲಿ ಇಲ್ಲಿಲ್ಲ.

ಆದರೂ ಇಲ್ಲಿಗೆ ಮಕ್ಕಳು ಬರುತ್ತಲೇ ಇರುತ್ತಾರೆ. ನಿಲ್ದಾಣದಿಂದ ಐದು ನಿಮಿಷ ನಡೆದರೆ ಒಂದು ವಸ್ತುಸಂಗ್ರಹಾಲಯ. ಅದರ ಮುಂದೆ ಒಂದು ಪ್ರತಿಮೆ. ಕುದುರೆ ಏರಿದ ವೀರನದಲ್ಲ, ಕೋಟು ತೊಟ್ಟ ಸಾಧಾರಣ ಮನುಷ್ಯನದು. ಆತ ನಿಂತಿರುವುದು ದೊಡ್ಡದೊಂದು ನೂಡಲ್ಸ್ ಲೋಟದ ಮೇಲೆ, ಕೈಯಲ್ಲಿ ಹಿಡಿದಿರುವುದು ನೂಡಲ್ಸ್ ಪೊಟ್ಟಣ! ಆತನೇ ಮೊಮೊಫುಕು ಅಂಡೋ. ಹಾಸ್ಟೆಲ್ ಕೋಣೆಗಳಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಹಸಿವು ನೀಗಿಸುವ ದಿಢೀರ್ ನೂಡಲ್ಸ್ ರೂಪುಗೊಂಡದ್ದು ಇದೇ ಊರಿನ ಆತನ ಮನೆಯ ಹಿತ್ತಲಲ್ಲಿ.

ಎಲ್ಲ ಕಳೆದುಕೊಂಡ ಮೇಲೆ

ಅಂಡೋ ಹುಟ್ಟಿದ್ದು 1910ರಲ್ಲಿ, ಆಗ ಜಪಾನಿನ ಆಳ್ವಿಕೆಯಲ್ಲಿದ್ದ ತೈವಾನಿನಲ್ಲಿ. ಎಳವೆಯಲ್ಲೇ ತಂದೆ ತಾಯಿ ತೀರಿಕೊಂಡರು. ಬಟ್ಟೆ ವ್ಯಾಪಾರಿಯಾಗಿದ್ದ ತಾತನ ಮನೆಯಲ್ಲಿ ಬೆಳೆದ ಹುಡುಗ ದೊಡ್ಡವನಾಗಿ ಓಸಾಕಾ ಸೇರಿ ತಾನೂ ವ್ಯಾಪಾರಕ್ಕಿಳಿದ. ಎರಡನೇ ಮಹಾಯುದ್ಧ ಮುಗಿದಾಗ ಓಸಾಕಾ ಬೂದಿಯಾಗಿತ್ತು. ಒಂದು ಚಳಿಗಾಲದ ರಾತ್ರಿ ಉಮೆದಾ ಬಳಿಯ ಕಾಳಸಂತೆಯಲ್ಲಿ ಒಂದು ಬಟ್ಟಲು ಬಿಸಿ ರಾಮೆನ್‌ಗಾಗಿ ಜನ ನಡುಗುತ್ತ ಉದ್ದನೆಯ ಸಾಲಿನಲ್ಲಿ ನಿಂತಿದ್ದುದನ್ನು ಅಂಡೋ ಕಂಡರು. ಆ ಸಾಲು ಅವರ ಮನಸ್ಸಿನಿಂದ ಅಳಿಯಲಿಲ್ಲ.

ಆದರೆ ನೂಡಲ್ಸಿನ ಕೆಲಸಕ್ಕೆ ಕೈಹಾಕಲು ಅವರಿಗೆ ಮತ್ತೆ ಹತ್ತು ವರ್ಷಗಳೇ ಬೇಕಾದವು. ಅದೂ ಸುಖವಾಗಿದ್ದಾಗ ಅಲ್ಲ. 1957ರಲ್ಲಿ ಅವರು ಅಧ್ಯಕ್ಷರಾಗಿದ್ದ ಸಾಲ ಸಹಕಾರ ಸಂಸ್ಥೆಯೊಂದು ದಿವಾಳಿಯೆದ್ದಿತು. ಹೊಣೆ ಹೊತ್ತ ಅಂಡೋ ಇದ್ದ ಆಸ್ತಿಯನ್ನೆಲ್ಲ ಕಳೆದುಕೊಂಡರು. ಉಳಿದದ್ದು ಇಕೆಡಾದ ಬಾಡಿಗೆ ಮನೆ, ಹೆಂಡತಿ, ಮಕ್ಕಳು. ವಯಸ್ಸು ಐವತ್ತರ ಹತ್ತಿರ.

ಹಿತ್ತಲಲ್ಲಿ ಸುಮಾರು ಹತ್ತು ಚದರ ಮೀಟರಿನ ಒಂದು ಗುಡಿಸಲು ಎದ್ದಿತು. ಹಳೆಯ ನೂಡಲ್ ಯಂತ್ರ, ದೊಡ್ಡ ಬಾಣಲೆ, ಹಿಟ್ಟು, ಎಣ್ಣೆ ಬಂದವು. ಅಂಡೋ ತಮಗೆ ತಾವೇ ಹಾಕಿಕೊಂಡ ಷರತ್ತುಗಳು ಐದು: ರುಚಿಯಾಗಿರಬೇಕು, ಕೆಡಬಾರದು, ಮಾಡುವುದು ಸುಲಭವಿರಬೇಕು, ಅಗ್ಗವಾಗಿರಬೇಕು, ಶುಚಿಯಾಗಿರಬೇಕು. ದಿನಕ್ಕೆ ನಾಲ್ಕು ಗಂಟೆ ನಿದ್ದೆ. ಹೀಗೆ ಒಂದು ವರ್ಷ.

ಅಡುಗೆಮನೆಯಲ್ಲಿ ಸಿಕ್ಕ ಉತ್ತರ

ಆ ಗುಡಿಸಲನ್ನು ಈಗ ಸಂಗ್ರಹಾಲಯದೊಳಗೆ ಇದ್ದಂತೆಯೇ ಮರುನಿರ್ಮಿಸಿದ್ದಾರೆ. ಅದರ ಮುಂದೆ ನಿಂತ ಮಕ್ಕಳಿಗೆ ಮೊದಲು ತಿಳಿಯುವುದು ಸೋಲುಗಳ ಕಥೆ. ಸಾರಿನ ರುಚಿಯನ್ನು ಹಿಟ್ಟಿಗೇ ಕಲಸಿದರೆ ಎಳೆಗಳು ಪುಡಿಪುಡಿಯಾಗುತ್ತಿದ್ದವು. ಕೊನೆಗೆ ಎಳೆಗಳನ್ನು ಮೊದಲು ಹಬೆಯಲ್ಲಿ ಬೇಯಿಸಿ, ಹೂಗಿಡಗಳಿಗೆ ನೀರು ಚಿಮುಕಿಸುವ ಕ್ಯಾನಿನಿಂದ ಅವುಗಳ ಮೇಲೆ ಸಾರು ಸುರಿಯುವ ಉಪಾಯ ಹೊಳೆಯಿತು.

ಇನ್ನು ಒಣಗಿಸುವುದು ಹೇಗೆ? ಬಿಸಿಲಿಗೆ ಒಣಗಿದ ನೂಡಲ್ಸ್ ಬಿಸಿ ನೀರಿನಲ್ಲಿ ಬೇಗ ಮೆದುವಾಗುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇಲ್ಲಿ ಮದ್ದು ಸಿಕ್ಕಿದ್ದು ಮನೆಯ ಒಲೆಯ ಮೇಲೆಯೇ. ಪತ್ನಿ ಮಸಾಕೊ ಟೆಂಪುರಾ ಕರಿಯುತ್ತಿದ್ದರು. ಟೆಂಪುರಾ ಎಂದರೆ ಹೆಚ್ಚುಕಡಿಮೆ ಬಜ್ಜಿಯ ಜಪಾನೀ ಬಂಧು. ಹಿಟ್ಟು ಕಾದ ಎಣ್ಣೆಗೆ ಬಿದ್ದೊಡನೆ ಗುಳ್ಳೆಗಳೇಳುವುದನ್ನು ಅಂಡೋ ಗಮನಿಸಿದರು. ಆ ಗುಳ್ಳೆಗಳೆಂದರೆ ಆವಿಯಾಗಿ ಹೊರಗೋಡುವ ನೀರು. ನೀರು ಹೋದ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು ಉಳಿಯುತ್ತವೆ. ಬಿಸಿ ನೀರು ಹಾಕಿದರೆ ಅದೇ ತೂತುಗಳ ಮೂಲಕ ನೀರು ಒಳನುಗ್ಗಿ ಎಳೆ ಮತ್ತೆ ಮೆದುವಾಗುತ್ತದೆ. ದಿಢೀರ್ ನೂಡಲ್ಸಿನ ಗುಟ್ಟು ಇಷ್ಟೇ. ಕರಿದ ನೂಡಲ್ಸ್ ತೈವಾನಿನಲ್ಲಿ ಮೊದಲೇ ಇತ್ತೆಂದು ವಾದಿಸುವವರೂ ಇದ್ದಾರೆ. ಆದರೆ ಅದನ್ನು ಪೊಟ್ಟಣದಲ್ಲಿ ಮನೆಮನೆಗೆ ಮುಟ್ಟಿಸಿದವರು ಅಂಡೋ.

1958ರ ಆಗಸ್ಟ್ 25ರಂದು ‘ಚಿಕನ್ ರಾಮೆನ್’ ಮಾರುಕಟ್ಟೆಗೆ ಬಂತು. ಬೆಲೆ 35 ಯೆನ್. ಆಗ ಅಂಗಡಿಯಲ್ಲಿ ಒಂದು ಉಂಡೆ ತಾಜಾ ಊದೊನ್ ನೂಡಲ್ ಸಿಗುತ್ತಿದ್ದುದು 6 ಯೆನ್‌ಗೆ! ಇಷ್ಟು ದುಬಾರಿಯಾದದ್ದನ್ನು ಯಾರು ಕೊಳ್ಳುತ್ತಾರೆ ಎಂದು ಸಗಟು ವ್ಯಾಪಾರಿಗಳು ಮೂಗು ಮುರಿದರು. ಇಂದು ಬಡ ವಿದ್ಯಾರ್ಥಿಯ ಊಟ ಎನಿಸಿಕೊಂಡಿರುವ ಪೊಟ್ಟಣ ಹುಟ್ಟಿದಾಗ ಸಿರಿವಂತರ ತಿಂಡಿಯಾಗಿತ್ತು. ಆದರೂ ಜನ ಕೊಂಡರು, ‘ಮಾಯಾ ರಾಮೆನ್’ ಎಂದು ಕರೆದರು. 1971ರಲ್ಲಿ ಲೋಟದ ನೂಡಲ್ಸ್ ಬಂತು. 2023ರಲ್ಲಿ ಪ್ರಪಂಚದ ಜನ ತಿಂದ ದಿಢೀರ್ ನೂಡಲ್ಸ್ ಸುಮಾರು 12,000 ಕೋಟಿ ಪೊಟ್ಟಣ. ಅಂಡೋ ಕಟ್ಟಿದ ಕಂಪೆನಿಯ ಭಾರತೀಯ ಶಾಖೆ ಬೆಂಗಳೂರಿನ ಹೊರಗಿನ ಜಿಗಣಿಯಲ್ಲೂ ಕಾರ್ಖಾನೆ ತೆರೆಯಿತು.

ತೊಂಬತ್ತು ನಿಮಿಷದ ಪಾಠ

1999ರಲ್ಲಿ ತೆರೆದ ಈ ಸಂಗ್ರಹಾಲಯದಲ್ಲಿ ಮಕ್ಕಳಿಗೆ ಹೆಚ್ಚು ಪ್ರಿಯವಾದದ್ದು ಕೈಯಾರೆ ನೂಡಲ್ಸ್ ತಯಾರಿಸುವ ಕೋಣೆ. ತಲೆಗೆ ವಸ್ತ್ರ, ಮೈಗೆ ಏಪ್ರನ್ ಕಟ್ಟಿಕೊಂಡು ಇಬ್ಬಿಬ್ಬರ ಜೋಡಿಯಾಗಿ ನಿಲ್ಲುತ್ತಾರೆ. ಗೋಧಿ ಹಿಟ್ಟಿಗೆ ಕ್ಷಾರ ಬೆರೆಸಿದ ನೀರು ಹಾಕಿ ಕಲಸಬೇಕು. ರಾಮೆನ್ ಎಳೆಗೆ ಹಳದಿ ಛಾಯೆ ಮತ್ತು ಜಗಿಯುವ ಗುಣ ಬರುವುದು ಈ ಕ್ಷಾರದಿಂದ. ಹಿಟ್ಟನ್ನು ಯಂತ್ರದ ಉರುಳೆಗಳ ನಡುವೆ ಮತ್ತೆ ಮತ್ತೆ ತೂರಿಸಬೇಕು: ಒಬ್ಬರು ಹಿಡಿ ತಿರುಗಿಸಿದರೆ ಇನ್ನೊಬ್ಬರು ಹಾಳೆ ಹಿಡಿಯಬೇಕು. ಮೊದಮೊದಲು ಹಾಳೆ ಹರಿಯುತ್ತದೆ. ಮಡಚಿ ಮತ್ತೆ ತೂರಿಸಿದರೆ ನುಣುಪಾಗುತ್ತದೆ. ಹಿಟ್ಟು ನೆನೆಯುವಷ್ಟರಲ್ಲಿ ಖಾಲಿ ಪೊಟ್ಟಣದ ಮೇಲೆ ಚಿತ್ರ ಬರೆಯುವ ಸಂಭ್ರಮ. ಆಮೇಲೆ ಕತ್ತರಿಸುವುದು, ಹಬೆಯಲ್ಲಿ ಬೇಯಿಸುವುದು, ಸಾರು ಹಚ್ಚುವುದು. ಕಾದ ಎಣ್ಣೆಯ ಕೆಲಸ ಮಾತ್ರ ಸಿಬ್ಬಂದಿಯದು.

ಇಷ್ಟಕ್ಕೆಲ್ಲ ಸುಮಾರು ಒಂದೂವರೆ ಗಂಟೆ. ಮೂರು ನಿಮಿಷದಲ್ಲಿ ತಿಂದು ಮರೆಯುವ ವಸ್ತುವಿಗೆ ಎಷ್ಟೊಂದು ಕೈಕೆಲಸವಿದೆ ಎಂಬುದು ಯಾರೂ ಹೇಳದೆಯೇ ಮಕ್ಕಳ ತೋಳಿಗೆ ತಿಳಿಯುತ್ತದೆ.

ಪ್ರವೇಶ ಉಚಿತ, ತಯಾರಿಕೆಯ ತರಗತಿಗೆ ಶುಲ್ಕವಿದೆ, ಹೆಸರು ಮೊದಲೇ ನೋಂದಾಯಿಸಬೇಕು. ಮಂಗಳವಾರ ರಜೆ. ಹೆಸರೇ ಹೇಳುವಂತೆ ಇಲ್ಲಿನ ಸಾರು ಕೋಳಿಯದು. ಸಸ್ಯಾಹಾರಿ ಕುಟುಂಬಗಳು ಇದನ್ನು ಅರಿತೇ ಹೋಗುವುದು ಒಳ್ಳೆಯದು.

ಮನೆಯಲ್ಲೇ ಆಗದೇ?

ಇದಕ್ಕೆ ಜಪಾನಿಗೇ ಹೋಗಬೇಕಿಲ್ಲ. ಎಳೆ ಮಾಡಿ ಒಣಗಿಸಿಡುವ ವಿದ್ಯೆ ಕರ್ನಾಟಕಕ್ಕೆ ಹೊಸದೂ ಅಲ್ಲ. ಉತ್ತರ ಕರ್ನಾಟಕದಲ್ಲಿ ಬೇಸಿಗೆ ಬಂತೆಂದರೆ ನೆರೆಹೊರೆಯ ಹೆಂಗಸರು ಸೇರಿ ಶ್ಯಾವಿಗೆ ಹೊಸೆದು, ಕೋಲುಗಳ ಮೇಲೆ ಬಿಸಿಲಿಗೆ ಹರವುತ್ತಿದ್ದರು. ಅಲ್ಲಿ ಸೂರ್ಯ ದಿನವಿಡೀ ಮಾಡಿದ ಕೆಲಸವನ್ನು ಇಕೆಡಾದ ಬಾಣಲೆ ಒಂದೆರಡು ನಿಮಿಷದಲ್ಲಿ ಮಾಡಿತು.

ರಜೆಯ ಒಂದು ಮಧ್ಯಾಹ್ನ ಅಮ್ಮ, ಅಪ್ಪ, ಮಕ್ಕಳು ಸೇರಿದರೆ ಸಾಕು. ಗೋಧಿ ಅಥವಾ ಮೈದಾ ಹಿಟ್ಟಿಗೆ ಉಪ್ಪು, ಚಿಟಿಕೆ ಸೋಡಾ ಹಾಕಿ ಗಟ್ಟಿಯಾಗಿ ನಾದಿ, ಅರ್ಧ ಗಂಟೆ ಮುಚ್ಚಿಡಬೇಕು. ತೆಳ್ಳಗೆ ಲಟ್ಟಿಸಿ, ಹಿಟ್ಟು ಉದುರಿಸಿ ಮಡಚಿ, ಸಣ್ಣ ಎಳೆಗಳಾಗಿ ಕತ್ತರಿಸಬೇಕು. ಎಳೆಗಳನ್ನು ಬಿಡಿಸಿ ಇಡ್ಲಿ ಪಾತ್ರೆಯ ಹಬೆಯಲ್ಲಿ ಬೇಯಿಸಿ, ತರಕಾರಿ ಬೇಯಿಸಿದ ಗಟ್ಟಿ ಕಟ್ಟಿಗೆ ಉಪ್ಪು, ಮೆಣಸು, ಜೀರಿಗೆ, ಶುಂಠಿ ಸೇರಿಸಿ ಸವರಬೇಕು. ತೇವವಿರುವ ಎಳೆ ಎಣ್ಣೆಯಲ್ಲಿ ಸಿಡಿಯುತ್ತದೆ. ಆದ್ದರಿಂದ ಚೆನ್ನಾಗಿ ಆರಲು ಬಿಟ್ಟು, ಸ್ವಲ್ಪ ಸ್ವಲ್ಪವೇ ಕರಿಯುವ ಕೆಲಸ ದೊಡ್ಡವರದು. ಗುಳ್ಳೆಗಳು ನಿಂತರೆ ನೀರು ಹೋಯಿತೆಂದು ಅರ್ಥ. ಬಟ್ಟಲಿಗೆ ಹಾಕಿ ಕುದಿಯುವ ನೀರು ಸುರಿದು ತಟ್ಟೆ ಮುಚ್ಚಿದರಾಯಿತು. ಅಂಗಡಿಯದರಂತೆ ಇದು ತಿಂಗಳುಗಟ್ಟಲೆ ಉಳಿಯುವುದಿಲ್ಲ; ಮಾಡಿದ ದಿನವೇ ತಿನ್ನಬೇಕು.

ಮೊದಲ ಸಲ ಎಳೆ ದಪ್ಪವಾಗಬಹುದು, ಮುದ್ದೆಯಾಗಬಹುದು. ಚಿಂತೆಯಿಲ್ಲ. ಮನೆಯಲ್ಲಿ ಯಾರಾದರೂ ಪರೀಕ್ಷೆಯಲ್ಲೋ ವ್ಯಾಪಾರದಲ್ಲೋ ಸೋತು ಸುಮ್ಮನೆ ಕುಳಿತಿದ್ದರೆ ಅವರನ್ನೂ ಲಟ್ಟಣಿಗೆ ಹಿಡಿಯಲು ಕರೆಯಬಹುದು. ಮುಚ್ಚಿದ ತಟ್ಟೆಯ ಸುತ್ತ ಎಲ್ಲರೂ ಕಾಯುವ ಆ ಮೂರು ನಿಮಿಷ, ಐವತ್ತರ ಹತ್ತಿರ ಎಲ್ಲ ಕಳೆದುಕೊಂಡು ಹಿತ್ತಲಲ್ಲಿ ಒಲೆ ಹಚ್ಚಿದ ಆ ಮನುಷ್ಯನ ಕಥೆ ಹೇಳಲು ಸಾಕಾಗುತ್ತದೆ.